‘ಸಂಕೀರ್ಣ’ವನ್ನು ಬಿಡಿಸೋದು ಹೇಗೆ?

ಕನ್ನಡ ಪದಬಂಧದಲ್ಲಿ ‘ಸಂಕೀರ್ಣ (3)’ ಅಂತ ಒಂದು ಸುಳಿವು ಬಂತು ಅಂದ್ಕೊಳ್ಳಿ. ನಮ್ಮಲ್ಲಿ ತುಂಬಾ ಜನರ ತಲೆಗೆ ಮೊದಲು ಬರೋದು ‘ಕಾಂಪ್ಲೆಕ್ಸ್’, ಆಮೇಲೆ ‘ಕಷ್ಟ’. ಅಲ್ಲಿಗೆ ಸ್ಟಾಕ್ ಖಾಲಿ! ಆದ್ರೆ ಇಂಥ ಸುಳಿವನ್ನು ಬಿಡಿಸೋಕೆ ಒಂದು ಕ್ರಮ ಇದೆ.

ಮೊದಲು ಚೌಕ ಎಣಿಸಿ. ಇಂಗ್ಲಿಷ್ ಕ್ರಾಸ್‌ವರ್ಡ್‌ನಲ್ಲಿ ಒಂದು ಚೌಕಕ್ಕೆ ಒಂದು ಲೆಟರ್. ಕನ್ನಡದಲ್ಲಿ ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿದ ಪೂರ್ತಿ ಅಕ್ಷರ ಒಂದೇ ಚೌಕದಲ್ಲಿ ಕೂರುತ್ತೆ. ‘ಕ್ಲಿಷ್ಟ’ ಅನ್ನೋ ಪದದ ಉದ್ದ ಎಷ್ಟು ಅಂತ ಪೈಥಾನ್‌ಗೆ ಕೇಳಿದ್ರೆ 7 ಅನ್ನುತ್ತೆ. ಯಾಕಂದ್ರೆ ಯುನಿಕೋಡ್‌ನಲ್ಲಿ ಮೂಲ ಅಕ್ಷರ, ಒತ್ತು ಬರಿಸೋ ಚಿಹ್ನೆ, ಗುಡಿಸು ಎಲ್ಲವೂ ಬೇರೆ ಬೇರೆ. ಪದಬಂಧದಲ್ಲಿ ಅದು ಬರೀ 2: ಕ್ಲಿ, ಷ್ಟ. ಹಾಗಾಗಿ 3 ಚೌಕದ ಉತ್ತರಕ್ಕೆ ‘ಕ್ಲಿಷ್ಟ’ ಔಟ್.

ಎರಡನೇದು, ಯಾವ ಅರ್ಥ ಅಂತ ನೋಡಿ. ‘ವಾಣಿಜ್ಯ ಸಂಕೀರ್ಣದಲ್ಲಿ ಬಾಡಿಗೆಗೆ ಸಿಗುವುದು (3)’ ಅಂದ್ರೆ ಕಟ್ಟಡದ ಮಾತು, ಉತ್ತರ ‘ಮಳಿಗೆ’. ‘ಸಂಕೀರ್ಣ ಜಾತಿಯ ಲಘುವಿನ ಎಣಿಕೆ (3)’ ಅಂದ್ರೆ ಕರ್ನಾಟಕ ಸಂಗೀತದ ತಾಳ. ತಿಶ್ರ 3, ಚತುರಶ್ರ 4, ಖಂಡ 5, ಮಿಶ್ರ 7, ಸಂಕೀರ್ಣ 9. ಉತ್ತರ ‘ಒಂಬತ್ತು’.

ಮೂರನೇದು, ಅಡ್ಡ ಸಾಲನ್ನು ಉದ್ದ ಸಾಲು ದಾಟೋ ಜಾಗ. ನಮ್ಮ ಮೊದಲ ಸುಳಿವಿಗೆ ಜಟಿಲ, ತೊಡಕು, ಗೋಜಲು, ಕಗ್ಗಂಟು ನಾಲ್ಕೂ ಹೊಂದಬಹುದು, ನಾಲ್ಕಕ್ಕೂ ಮೂರೇ ಚೌಕ. ದಾಟುವ ಪದದಿಂದ ಕೊನೇ ಅಕ್ಷರ ‘ಲು’ ಅಂತ ಗೊತ್ತಾದ್ರೆ ಗೋಜಲು, ‘ಕು’ ಆದ್ರೆ ತೊಡಕು. ಒಂದೇ ಅಕ್ಷರ ಉಳಿದ ಮೂರನ್ನೂ ಹೊಡೆದುಹಾಕುತ್ತೆ. ಸುಳಿವು ‘ಸಂಕೀರ್ಣವಾದ’ ಅಂತಿದ್ರೆ ಇನ್ನೂ ಸುಲಭ, ಅಲ್ಲಿಗೆ ಸರಿಹೋಗೋ ವಿಶೇಷಣ ‘ಜಟಿಲ’ ಮಾತ್ರ.

ಹಾಗಂತ ಈ ಪದಗಳೆಲ್ಲ ಒಂದೇ ಅಲ್ಲ. ಲ್ಯಾಬ್‌ನಲ್ಲಿ ಬ್ರೆಡ್‌ಬೋರ್ಡ್ ಮೇಲೆ ತಲೆಬುಡ ಗೊತ್ತಾಗದ ಹಾಗೆ ಹರಡಿರೋ ವೈರುಗಳು ಗೋಜಲು. ಅದರಲ್ಲಿ ಒಂದು ಲೂಸ್ ಆಗಿ ಔಟ್‌ಪುಟ್ ಬರದೇ ಇದ್ರೆ ಅದು ತೊಡಕು. ಎರಡು ಪ್ರೊಸೆಸ್‌ಗಳು ಒಂದಕ್ಕೊಂದು ಕಾಯ್ತಾ ನಿಂತುಬಿಡೋ ಡೆಡ್‌ಲಾಕ್ ಇದೆಯಲ್ಲ, ಅದು ಕಗ್ಗಂಟು. ಮೂರಕ್ಕೂ ನಾವು ‘ಕಾಂಪ್ಲೆಕ್ಸ್’ ಅಂದುಬಿಟ್ರೆ, ಸಮಸ್ಯೆ ಯಾವ ಥರದ್ದು ಅಂತ ಹೇಳೋಕೆ ಇನ್ನೊಂದು ವಾಕ್ಯ ಬೇಕಾಗುತ್ತೆ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಇಂಥ ಪದಗಳು ಅಜ್ಜಿ ಬಾಯಲ್ಲಿ ಕೇಳಿ ಗೊತ್ತು, ನಾವೇ ಬಳಸಿ ಗೊತ್ತಿಲ್ಲ. ಪದಬಂಧ ಅವನ್ನು ಒಂದೊಂದಾಗಿ ನಮ್ಮ ಕೈಯಲ್ಲೇ ಬರೆಸುತ್ತೆ. ಪೇಪರ್ ಸಿಕ್ಕಾಗ ಪೆನ್ಸಿಲ್ ಹಿಡಿದು ಕೂತ್ಕೊಳ್ಳಿ, ಪೆನ್ ಬೇಡ. ಅಳಿಸೋದು ಇದ್ದೇ ಇರುತ್ತೆ.