ಪಂಪ್‌ಸೆಟ್ ಬೋರ್ಡಿನ ಮೂರು ದೀಪಗಳು

ಕಕ್ಕೇರಾ ಸುತ್ತಿನ ಹೊಲಗಳಲ್ಲಿ ಪಂಪ್‌ಸೆಟ್ ಉಳ್ಳ ರೈತ ಬಾಂಧವರು ಸ್ಟಾರ್ಟರ್ ಬೋರ್ಡಿನ ಕೆಂಪು, ಹಳದಿ, ನೀಲಿ ದೀಪಗಳನ್ನು ಬಲ್ಲರು. ಒಂದೊಂದು ದೀಪ ಒಂದೊಂದು ಫೇಸಿನದು. ಮೂರೂ ಸಮನಾಗಿ ಉರಿದಾಗ ಮಾತ್ರ ಗುಂಡಿ ಒತ್ತಬೇಕು.

ಒಂದು ದೀಪ ಉರಿಯದಿದ್ದರೆ ಆ ಫೇಸಿನಲ್ಲಿ ವಿದ್ಯುತ್ ಇಲ್ಲ, ಇಲ್ಲವೆ ದೀಪವೇ ಸುಟ್ಟಿದೆ. ಯಾವುದೆಂದು ತಿಳಿಯುವವರೆಗೆ ಮೋಟಾರು ಚಾಲೂ ಮಾಡಬಾರದು. ಎರಡೇ ಫೇಸಿನ ಮೇಲೆ ಮೋಟಾರು ತಿರುಗದೆ ಗುಂಯ್‌ಗುಡುತ್ತದೆ. ಹೆಚ್ಚು ಕರೆಂಟು ಎಳೆದು ಸ್ವಲ್ಪ ಹೊತ್ತಿನಲ್ಲೇ ಸುರುಳಿ ಸುಡುತ್ತದೆ. ಬೇಸಿಗೆಯಲ್ಲಿ ಹೀಗಾದರೆ ರಿವೈಂಡಿಂಗ್ ಖರ್ಚಿನ ಜೊತೆಗೆ ಬೆಳೆಯೂ ಬಾಡುತ್ತದೆ.

ಓಡುತ್ತಿರುವಾಗ ಒಂದು ಫೇಸು ಹೋದರೆ ಮೋಟಾರು ನಿಲ್ಲದೆಯೂ ಇರಬಹುದು. ಆಗ ಮೋಟಾರಿನಲ್ಲೇ ಹುಟ್ಟುವ ವೋಲ್ಟೇಜಿನಿಂದ ಹೋದ ಫೇಸಿನ ದೀಪವೂ ಉರಿಯಬಹುದು. ಆದ್ದರಿಂದ ದೀಪವೊಂದನ್ನೇ ನಂಬದೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸಿರಿ. ಓವರ್‌ಲೋಡ್ ರಿಲೇಯನ್ನು ಮೋಟಾರಿನ ಫಲಕದಲ್ಲಿರುವ ಆಂಪಿಯರಿಗೆ ಹೊಂದಿಸಿರಿ.

ದೀಪ ಆರಿದೆಯೆಂದು ತಂತಿ ಮುಟ್ಟಬೇಡಿರಿ. ರಿಪೇರಿಗೆ ಮುಂಚೆ ಮೇನ್ ಸ್ವಿಚ್ ಇಳಿಸಿ, ಫ್ಯೂಸು ತೆಗೆದಿಡಿರಿ. ಟ್ರಾನ್ಸ್‌ಫಾರ್ಮರಿನ ಫ್ಯೂಸು ಹೋಗಿದ್ದರೆ ಜೆಸ್ಕಾಂ ಲೈನ್‌ಮನ್‌ಗೆ ತಿಳಿಸಿರಿ; ತಾವೇ ಕಂಬ ಏರಬೇಡಿರಿ.