ಮೋಹನಸ್ವಾಮಿ (ಕಥಾಸಂಕಲನ)

ಮೋಹನಸ್ವಾಮಿ ಕನ್ನಡದ ಕಥೆಗಾರ ವಸುಧೇಂದ್ರ ಅವರ ಕಥಾಸಂಕಲನ. 2013ರಲ್ಲಿ ಪ್ರಕಟವಾಯಿತು. ಪುರುಷರ ನಡುವಿನ ಪ್ರೇಮ, ಆ ಪ್ರೇಮವನ್ನು ಬಚ್ಚಿಡಬೇಕಾದವರ ಒಂಟಿತನ ಮತ್ತು ಕುಟುಂಬದೊಳಗಿನ ಅವಮಾನ ಇದರ ಮುಖ್ಯ ವಸ್ತು. ಸಲಿಂಗಪ್ರೇಮಿಯ ಅಂತರಂಗವನ್ನು ಸಹಾನುಭೂತಿಯಿಂದ ಚಿತ್ರಿಸಿದ ಕನ್ನಡದ ಪ್ರಮುಖ ಕೃತಿಗಳಲ್ಲಿ ಇದೂ ಒಂದು.

ಲೇಖಕ

ವಸುಧೇಂದ್ರ 1969ರಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಜನಿಸಿದರು. ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಪದವಿ ಪಡೆದು, ಹಲವು ವರ್ಷ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ದುಡಿದರು. 'ಛಂದ ಪುಸ್ತಕ' ಪ್ರಕಾಶನವನ್ನು ಸ್ಥಾಪಿಸಿ ಹೊಸ ಬರಹಗಾರರ ಕೃತಿಗಳನ್ನು ಪ್ರಕಟಿಸಿದರು. 'ನಮ್ಮಮ್ಮ ಅಂದ್ರೆ ನಂಗಿಷ್ಟ', 'ತೇಜೋ ತುಂಗಭದ್ರಾ' ಅವರ ಇತರ ಪ್ರಸಿದ್ಧ ಕೃತಿಗಳು.

ರಚನೆಯ ಹಿನ್ನೆಲೆ

ಮೋಹನಸ್ವಾಮಿಯ ಕಥೆ ಮೊದಲು ವಿವೇಕ ಶಾನಭಾಗ ಸಂಪಾದಕತ್ವದ 'ದೇಶಕಾಲ' ಪತ್ರಿಕೆಯಲ್ಲಿ ಗುಪ್ತನಾಮದಲ್ಲಿ ಬೆಳಕು ಕಂಡಿತು. ಆ ವೇಳೆಗಾಗಲೇ ಜನಪ್ರಿಯರಾಗಿದ್ದ ಲೇಖಕರು ಈ ವಸ್ತುವನ್ನು ಸ್ವಂತ ಹೆಸರಿನಲ್ಲಿ ಬರೆಯಲು ಹಿಂಜರಿದಿದ್ದರು. ಸಂಕಲನವನ್ನು ಮಾತ್ರ ತಮ್ಮ ಹೆಸರಿನಲ್ಲಿಯೇ ಹೊರತಂದರು. ತಾವೂ ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿಕೊಂಡರು. ಮುಂದೆ ಇಂಥದೇ ಸಂಕಟದಲ್ಲಿರುವವರಿಗೆ ಆಪ್ತಸಲಹೆ ನೀಡುವ ಕೆಲಸದಲ್ಲಿಯೂ ತೊಡಗಿದರು.

ಕಥಾವಸ್ತು

ಹಲವು ಕಥೆಗಳ ಕೇಂದ್ರಪಾತ್ರ ಮೋಹನಸ್ವಾಮಿ. 'ಕಗ್ಗಂಟು' ಕಥೆಯಲ್ಲಿ ಅವನು ಪ್ರೀತಿಸಿದ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಇಬ್ಬರ ಸಂಬಂಧ ಲೋಕಕ್ಕೆ ತಿಳಿಯದ್ದರಿಂದ ಅದು ಮುರಿದದ್ದೂ ಯಾರಿಗೂ ತಿಳಿಯುವುದಿಲ್ಲ. ದುಃಖವನ್ನು ಹೇಳಿಕೊಳ್ಳಲಾಗದ ಈ ಸ್ಥಿತಿ ಅಗಲಿಕೆಗಿಂತಲೂ ಕಠೋರವಾದುದೆಂಬುದು ಕಥೆಯ ಧ್ವನಿ.

'ತಗಣಿ' ಕಥೆ ಹಳ್ಳಿಯ ಶಂಕರಗೌಡನದು. ಹೆಣ್ಣಿನ ನಡೆನುಡಿಯುಳ್ಳ ಈತ ಮನೆತನದ ಗೌರವದ ಹೆಸರಿನಲ್ಲಿ ಹಿಂಸೆಗೊಳಗಾಗಿ ದುರಂತವನ್ನು ಕಾಣುತ್ತಾನೆ. ಆಶ್ರಯ ನೀಡಬೇಕಾದ ಮನೆಯೇ ಅಪಾಯದ ತಾಣವಾಗುವುದನ್ನು ಕಥೆ ನಿಷ್ಠುರವಾಗಿ ತೋರಿಸುತ್ತದೆ.

ಕಿಲಿಮಂಜಾರೋ ಪರ್ವತಾರೋಹಣದ ಕಥೆಯಲ್ಲಿ ಬೇರೊಂದು ದಾರಿ ತೆರೆದುಕೊಳ್ಳುತ್ತದೆ. ಇಲ್ಲಿ ಮೋಹನಸ್ವಾಮಿಗೆ ಚೇತರಿಕೆ ದೊರೆಯುವುದು ಹೊಸ ಪ್ರೇಮಿಯಿಂದಲ್ಲ, ತನ್ನನ್ನು ತಾನು ಒಪ್ಪಿಕೊಳ್ಳುವ ಧೈರ್ಯದಿಂದ. ಸುಖಾಂತ ಪ್ರೇಮಕಥೆಗಳಿಂದ ಈ ಸಂಕಲನ ಭಿನ್ನವಾಗುವುದು ಇಲ್ಲಿಯೇ.

ಕಾನೂನಿನ ಸಂದರ್ಭ

1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು ಸಲಿಂಗ ಸಂಬಂಧವನ್ನು ಅಪರಾಧವಾಗಿಸಿತ್ತು. ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅದು ಅನ್ವಯಿಸದೆಂದು ದೆಹಲಿ ಉಚ್ಚ ನ್ಯಾಯಾಲಯ 2009ರಲ್ಲಿ ತೀರ್ಪಿತ್ತಿತು. ಸಂಕಲನ ಪ್ರಕಟವಾದ ವರ್ಷವೇ, 2013ರ ಡಿಸೆಂಬರ್ 11ರಂದು, ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಇಂಥ ಸಂಬಂಧ ಅಪರಾಧವಲ್ಲವೆಂದು ಘೋಷಿಸಿತು. ಆದರೆ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು 2023ರಲ್ಲಿ ಅದೇ ನ್ಯಾಯಾಲಯ ನಿರಾಕರಿಸಿತು.

ಅನುವಾದ

ರಶ್ಮಿ ತೇರದಾಳ ಅವರ ಇಂಗ್ಲಿಷ್ ಅನುವಾದವನ್ನು 2016ರಲ್ಲಿ ಹಾರ್ಪರ್ ಕಾಲಿನ್ಸ್ ಪ್ರಕಟಿಸಿತು. ಇದರಿಂದ ಕೃತಿ ಕರ್ನಾಟಕದ ಹೊರಗೂ ಓದುಗರನ್ನು ಪಡೆಯಿತು.

ಸಂಬಂಧಿತ ಕೃತಿಗಳು

ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ 'ಬದುಕು ಬಯಲು' ಎಂಬ ಹೆಸರಿನಿಂದ ಕನ್ನಡಕ್ಕೆ ಬಂದಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ 'ಜನಮನದಾಟ' ತಂಡ ಎಂ. ಗಣೇಶ್ ಅವರ ನಿರ್ದೇಶನದಲ್ಲಿ ಇದನ್ನು ರಂಗಕ್ಕೆ ತಂದು, ನಾಡಿನ ಹಲವೆಡೆ ಪ್ರದರ್ಶಿಸಿತು. ಸಹೋದರರಿಂದ ಹೊಡೆತ ತಿಂದು ಮನೆ ತೊರೆದು, ಮುಂದೆ ಅದೇ ಮನೆಯೊಡನೆ ಮತ್ತೆ ಸಂಬಂಧ ಬೆಸೆಯಲು ಹೆಣಗುವ ರೇವತಿಯವರ ಬದುಕು ಇದರ ವಸ್ತು. ರೇವತಿಯವರು ಲಿಂಗಪರಿವರ್ತಿತ ಮಹಿಳೆ; ಮೋಹನಸ್ವಾಮಿ ಪುರುಷನನ್ನು ಪ್ರೀತಿಸುವ ಪುರುಷ. ಮೊದಲನೆಯದು ಲಿಂಗತ್ವದ ಪ್ರಶ್ನೆ, ಎರಡನೆಯದು ಒಲವಿನ ಪ್ರಶ್ನೆ. ಎರಡನ್ನೂ ಒಂದೆಂದು ಭಾವಿಸಬಾರದು. ಆದರೆ ಕುಟುಂಬದಿಂದಾದ ಗಾಯ ಎರಡೂ ಕೃತಿಗಳಿಗೆ ಸಮಾನವಾದ ನೆಲೆ.

ಮಹತ್ವ

ಈ ಬಗೆಯ ಪ್ರೀತಿಯನ್ನು ಹೆಸರಿಸಲು ಕನ್ನಡದ ಆಡುಮಾತಿನಲ್ಲಿ ಇದ್ದವು ಬಹುಪಾಲು ಬೈಗುಳಗಳೇ. 'ಸಲಿಂಗಕಾಮ' ಎಂಬ ಗ್ರಾಂಥಿಕ ಪದವೂ ಕಾಮವನ್ನು ಮಾತ್ರ ಸೂಚಿಸುತ್ತದೆ. ಈರ್ಷ್ಯೆ, ವಿರಹ, ಮಮತೆ, ಮನೆ ಕಟ್ಟುವ ಆಸೆ ಇವೆಲ್ಲವೂ ಈ ಪ್ರೀತಿಯಲ್ಲಿ ಉಂಟೆಂಬುದನ್ನು ಮೋಹನಸ್ವಾಮಿ ದಿನಬಳಕೆಯ ಕನ್ನಡದಲ್ಲಿಯೇ ಹೇಳಿತು. ತನ್ನ ಸಂಕಟಕ್ಕೆ ಮಾತು ಸಿಗದೆ ಒದ್ದಾಡುವ ಓದುಗನಿಗೆ ತನ್ನದೇ ಭಾಷೆಯಲ್ಲಿ ಒಬ್ಬ ಜೊತೆಗಾರನನ್ನು ಒದಗಿಸಿದ್ದು ಈ ಕೃತಿಯ ಮುಖ್ಯ ಕೊಡುಗೆ.