ಗಾರೆಗೆ ಜೀವ ಕೊಟ್ಟ ಕಲಾವಿದ ಕೆ. ವೆಂಕಟಪ್ಪ

ಹೌಜ್ ಖಾಸಿನ ಕೆರೆಯ ದಂಡೆಗೆ ವಿಹಾರಕ್ಕೆಂದು ಹೋಗುವ ದೆಹಲಿಯ ಕನ್ನಡಿಗರು ಫಿರೋಜ್ ಷಾ ತುಘಲಕನ ಸಮಾಧಿಯನ್ನು ಹೊಕ್ಕು ಒಮ್ಮೆ ತಲೆಯೆತ್ತಿ ನೋಡಬೇಕು. ಗುಮ್ಮಟದ ಒಳಮೈಯ ಗಾರೆಯ ಅಲಂಕಾರವು ಇಂದಿಗೂ ಕಣ್ಸೆಳೆಯುತ್ತದೆ. ಸಿಕಂದರ್ ಲೋದಿಯ ಆಳಿಕೆಯಲ್ಲಿ, 1507ರ ಸುಮಾರಿಗೆ, ಈ ಕಟ್ಟಡದ ಜೀರ್ಣೋದ್ಧಾರವಾಯಿತು. ಅದೇ ದಶಕದಲ್ಲಿ ಇಟಲಿಯ ಲಿಯೊನಾರ್ಡೊ ಡ ವಿಂಚಿ 'ಮೋನಾ ಲಿಸಾ' ಚಿತ್ರದಲ್ಲಿ ತೊಡಗಿದ್ದನು. ಅದಕ್ಕೆ ಮುನ್ನ ಅವನು ಮಿಲಾನಿನಲ್ಲಿ ಹಸಿಗಾರೆಯ ರೂಢಿಯನ್ನು ಬಿಟ್ಟು ಒಣಗೋಡೆಯ ಮೇಲೆ ಬರೆದ 'ಕೊನೆಯ ಭೋಜನ'ದ ಬಣ್ಣವು ಅವನ ಜೀವಿತಕಾಲದಲ್ಲಿಯೇ ಉದುರತೊಡಗಿತು. ಹೊಸ ಹಾದಿ ತುಳಿದವನು ತೆತ್ತ ಬೆಲೆಯದು.

ಕನ್ನಡ ನಾಡಿನಲ್ಲಿ ಅಂಥ ಹಾದಿ ತುಳಿದವರು ಕೆ. ವೆಂಕಟಪ್ಪನವರು. 1886ರಲ್ಲಿ ಮೈಸೂರು ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ಮಕ್ಕಿ ಸಫೇದದ ಸರಿಯಿಂದ ದೇವರ ಒಡವೆ, ಪ್ರಭಾವಳಿಗಳನ್ನು ಉಬ್ಬಾಗಿಸಿ ಚಿನ್ನದ ರೇಕನ್ನು ಅಂಟಿಸುವುದು ಮೈಸೂರು ಸಂಪ್ರದಾಯ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕಲ್ಕತ್ತೆಗೆ ತೆರಳಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಹೆಸರಿನಲ್ಲಿ 1913ರಲ್ಲಿ ಪ್ರಕಟವಾದ ಪುರಾಣಕಥೆಗಳ ಗ್ರಂಥದಲ್ಲಿ ಇವರ ರಾಮಾಯಣದ ಚಿತ್ರಗಳಿವೆ.

ಗುರುವಿನ ಶೈಲಿಯಲ್ಲಿಯೇ ಉಳಿದಿದ್ದರೆ ಇವರ ಬಾಳು ಸುಗಮವಾಗುತ್ತಿತ್ತೋ ಏನೋ. ಅವರು ಉಳಿಯಲಿಲ್ಲ. ದಂತದ ತುಣುಕಿನ ಮೇಲೆ ಕೂದಲೆಳೆಯ ಸೂಕ್ಷ್ಮದಲ್ಲಿ ಭಾವಚಿತ್ರ ಬರೆದರು. ಊಟಿಯ ಮಂಜು, ಮಳೆಮೋಡ, ಮುಂಜಾವುಗಳನ್ನು ಜಲವರ್ಣದಲ್ಲಿ ಹಿಡಿದರು. ಮನೆತನದ ಉಬ್ಬುಗೆಲಸವೇ ಚಿನ್ನವನ್ನು ಕಳಚಿ ಬೆಳೆದಿತೋ ಎಂಬಂತೆ ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳನ್ನು ನಿರ್ಮಿಸಿದರು. ಅಲ್ಲಿ ಬಣ್ಣವಿಲ್ಲ; ಬೆಳಕು ಓರೆಯಾಗಿ ಬಿದ್ದಾಗ ಮೂಡುವ ನೆರಳೇ ರೇಖೆ.

ನಡುವೆ ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿಯತೊಡಗಿ ಕುಂಚವನ್ನೇ ಮರೆಯುವಷ್ಟು ಅದಕ್ಕೆ ಮನಸೋತರು. ಆ ಹುಚ್ಚನ್ನೂ ಚಿತ್ರಕ್ಕಿಳಿಸಿದರೆನ್ನುವುದು ಸೋಜಿಗ!

1940ರಲ್ಲಿ ನಾಲ್ವಡಿಯವರು ತೀರಿಕೊಂಡ ಬಳಿಕ ಅರಮನೆಯ ಆಸರೆ ತಪ್ಪಿತು. ವೆಂಕಟಪ್ಪನವರು ಬೆಂಗಳೂರಿಗೆ ಬಂದು, ಮದುವೆಯಾಗದೆ, ಕೃತಿಗಳನ್ನು ಮಾರಲೊಪ್ಪದೆ, ಒಂಟಿಯಾಗಿ ಬದುಕಿ 1965ರಲ್ಲಿ ಗತಿಸಿದರು. ಮಾರದೆ ಉಳಿದುದರಿಂದಲೇ ಅವು ಚದುರದೆ ಒಂದೆಡೆ ಸೇರಲು ಸಾಧ್ಯವಾಯಿತು. ಕಬ್ಬನ್ ಪಾರ್ಕಿನ ಅಂಚಿನಲ್ಲಿ ಅವರ ಹೆಸರಿನ ಚಿತ್ರಶಾಲೆ 1970ರ ದಶಕದಲ್ಲಿ ತೆರೆಯಿತು. ಅದನ್ನು ಖಾಸಗಿ ಸಂಸ್ಥೆಯೊಂದಕ್ಕೆ ವಹಿಸುವ ಯೋಜನೆಯನ್ನು 2016ರಲ್ಲಿ ಪ್ರತಿಭಟಿಸಿ ಬೀದಿಗಿಳಿದವರು ಬೆಂಗಳೂರಿನ ಕಲಾವಿದರು; ವೆಂಕಟಪ್ಪನವರನ್ನು ಕಣ್ಣಾರೆ ಕಂಡಿರದ ತರುಣರೂ ಅವರಲ್ಲಿದ್ದರು.